ಫೋನಿನಲ್ಲಿ ಒಂದೇ ಮಾತು

ಟವಲುಗಳು ಒಣಗಿ ಸೆಟೆದಿದ್ದವು. ಅವಳು ಒಂದೊಂದನ್ನೇ ತಂತಿಯಿಂದ ಎಳೆದು, ಕೊಡವಿ, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮಡಿಸಿ ಕಲ್ಲುಕಟ್ಟೆಯ ಮೇಲೆ ಪೇರಿಸುತ್ತಿದ್ದಳು. ಅಂಚಿಗೆ ಅಂಚು ಕೂಡಬೇಕು. ಕೂಡದಿದ್ದರೆ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.

ಇವನ್ನು ಕೇಳಿಕೊಂಡು ಇನ್ನು ಯಾರೂ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೊಳೆಯಂಚಿನ ಈಜುಕಟ್ಟೆಯ ದೊಡ್ಡ ಬಾಗಿಲಿಗೆ ಪೊಲೀಸರು ಸರಪಳಿ ಸುತ್ತಿದ್ದರು.

ಬೆಂಚಿನ ಮೇಲೆ ಕುಳಿತಿದ್ದ ಇನ್ಸ್‌ಪೆಕ್ಟರು ಅವಳ ಕೈಗಳನ್ನೇ ನೋಡುತ್ತಿದ್ದರು. ಠಾಣೆಯಲ್ಲಿ ಅವರ ಬೆನ್ನ ಹಿಂದಿನ ಹೆಸರು ನಿಧಾನಪ್ಪ. ಕಳ್ಳನಿಗೆ ಕೂದಲು ನೆರೆಯುವವರೆಗೆ ಕಾದು, ಆಮೇಲೆ ಕೈ ಹಿಡಿದು ನಡೆಸಿಕೊಂಡು ಬರುತ್ತಾರೆ ಎಂದು ಕಾನ್‌ಸ್ಟೇಬಲ್‌ಗಳು ನಗುತ್ತಿದ್ದರು.

ನಿಧಾನಪ್ಪನವರು ಪೇರಿಸಿದ ಟವಲುಗಳಲ್ಲಿ ಮೇಲಿನದನ್ನು ಎತ್ತಿಕೊಂಡರು. ನೀಲಿ ಟವಲು. ಅಲ್ಲಲ್ಲಿ ಅಂಗೈಯಗಲ ಬಣ್ಣ ಬಿಳಿಚಿಕೊಂಡಿತ್ತು.

“ಇದೇನಮ್ಮ, ಬಣ್ಣ ಹೀಗೆ ತಿಂದುಹೋಗಿದೆ?”

“ಹೊಸ ಸೋಪು ಸಾರ್. ಸ್ಟ್ರಾಂಗ್ ಅಂತೆ.”

“ಅಂತೆ ಅಂದ್ರೆ? ಯಾರು ಹೇಳಿದ್ದು?”

“ಇವರು.”

ಇವರು ಎಂದರೆ ಗಂಡ. ಈಜುಕಟ್ಟೆಯ ಕಾವಲುಗಾರ. ಬೆಳಿಗ್ಗೆ ಬಾವುಟ ಏರಿಸುವವನು, ಮುಳುಗುವವರನ್ನು ಎತ್ತಿ ತರುವವನು. ಮಕ್ಕಳಿಗೆಲ್ಲ ಅವನು ಮೀನಣ್ಣ, ಅವಳು ಟವಲಕ್ಕ. ಹೋದ ವಾರ ಮೀನಣ್ಣ ಹಸಿರು ಬಾವುಟ ಏರಿಸಿದ ಬೆಳಿಗ್ಗೆ ನೀರಿಗಿಳಿದ ಮಕ್ಕಳು ಒಬ್ಬರ ಹಿಂದೆ ಒಬ್ಬರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಮೇಷ್ಟ್ರ ಮಗಳು ವಾಪಸ್ ಬರಲಿಲ್ಲ.

ಈಗ ಊರು ಅವನನ್ನು ಮೀನಣ್ಣ ಎನ್ನುತ್ತಿಲ್ಲ. ಅವನ ಮನೆ ಮುಂದೆ ಗಾಡಿ ನಿಲ್ಲಿಸಿ, ಕಿಟಕಿಗೆ ಕಲ್ಲು ಎಸೆದು, ಕೊಲೆಗಾರ ಎಂದು ಕೂಗಿ ಹೋಗುತ್ತಿದೆ. ಸಂಜೆಯೊಳಗೆ ಅವನ ಕೈಗೆ ಕೋಳ ತೊಡಿಸಬೇಕೆಂದು ನಿಧಾನಪ್ಪನವರಿಗೆ ಮೇಲಿನಿಂದ ಆದೇಶ ಬಂದಿತ್ತು. ಸಂಜೆಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ.

ಅವರು ಟವಲನ್ನು ತೊಡೆಯ ಮೇಲೆ ಹರವಿಕೊಂಡು, ಗೋಡೆಯ ಕಪ್ಪು ಫೋನಿನ ಕಡೆ ಗದ್ದ ಎತ್ತಿ ತೋರಿಸಿದರು.

“ಅದು ಎಲ್ಲಿಗೆ ಹೋಗುತ್ತೆ?”

“ಪಂಪ್‌ಮನೆಗೆ ಸಾರ್. ಬೇರೆಲ್ಲೂ ಹೋಗಲ್ಲ. ಇಲ್ಲಿ ಎತ್ತಿದ್ರೆ ಅಲ್ಲಿ ಬಡ್ಕೊಳ್ಳುತ್ತೆ, ಅಲ್ಲಿ ಎತ್ತಿದ್ರೆ ಇಲ್ಲಿ.”

“ಪಂಪ್‌ಮನೇಲಿ ಇರೋದು ನಿಮ್ಮಪ್ಪ.”

“ಹೌದು ಸಾರ್.”

ಊರಿನ ಒಳಚರಂಡಿಯೆಲ್ಲ ಇಟ್ಟಿಗೆಯ ಹಳೆಯ ಸುರಂಗದಲ್ಲಿ ಹರಿದು ಪಂಪ್‌ಮನೆಯ ಕೆಳಗೆ ಬಂದು ಸೇರುತ್ತದೆ. ಅಲ್ಲಿಂದ ಊರಾಚೆಗೆ. ಪಂಪ್‌ಮನೆಯ ಪಕ್ಕಕ್ಕೆ ಹೊಳೆಯ ಕಡೆ ಒಂದು ಕಂಡಿ ಇದೆ, ಕಂಡಿಗೊಂದು ಕಬ್ಬಿಣದ ಗೇಟು. ಮಳೆ ಜೋರಾಗಿ ಸುರಂಗ ಉಕ್ಕಿದಾಗ ಗೇಟು ತೆಗೆಯುತ್ತಾರೆ, ಹೊಲಸು ಹೊಳೆಗೆ ಹೋಗುತ್ತದೆ. ಆ ಹೊಳೆ ಕೆಳಗೆ ಹರಿದು ಮೊದಲು ಮುಟ್ಟುವುದು ಈಜುಕಟ್ಟೆಯ ಮೆಟ್ಟಿಲನ್ನು. ಆದ್ದರಿಂದಲೇ ದಿನಾ ಬೆಳಿಗ್ಗೆ ಒಂದು ಫೋನು.

“ನಿಮ್ಮಪ್ಪ ಏನಂತಾರೆ ಫೋನಲ್ಲಿ?”

“ಗೇಟು ಮುಚ್ಚಿದ್ರೆ ‘ಹಾಕಿದೀನಿ’ ಅಂತಾರೆ. ಇವರು ಹಸಿರು ಬಾವುಟ ಏರಿಸ್ತಾರೆ. ಗೇಟು ಬಿಟ್ಟಿದ್ರೆ ‘ತೆಗೆದಿದೀನಿ’ ಅಂತಾರೆ. ಆಗ ಕೆಂಪು.”

“ಫೋನೇ ಬರದಿದ್ರೆ?”

“ಬಾವುಟಾನೇ ಇಲ್ಲ. ಬಾಗಿಲೂ ತೆಗೆಯಲ್ಲ.”

“ಅವತ್ತು ಫೋನ್ ಎತ್ತಿದ್ದು?”

“ನಾನೇ ಸಾರ್. ಇವರು ಮೆಟ್ಟಿಲ ಪಾಚಿ ಉಜ್ತಾ ಇದ್ರು.”

“ನಿಮ್ಮಪ್ಪ ಮಗಳ ಹತ್ರ ಇನ್ನೇನೂ ಮಾತಾಡಲ್ವಾ? ಎದ್ಯಾ, ತಿಂದ್ಯಾ?”

ಟವಲಕ್ಕನ ಮುಖದಲ್ಲಿ ನಗು ಹಾದುಹೋಯಿತು. ಬಂದದ್ದು ಅವಳಿಗೇ ಗೊತ್ತಾಗಲಿಲ್ಲ.

“ಅಪ್ಪಂಗೆ ಫೋನ್ ಅಂದ್ರೆ ಕಚ್ಚೋ ಪ್ರಾಣಿ ಸಾರ್. ಕಿವಿಯಿಂದ ಗೇಣು ದೂರ ಹಿಡ್ಕೋತಾರೆ. ಒಂದು ಮಾತು, ಟಕ್ ಅಂತ ಇಟ್ಟುಬಿಡೋದು.”

“ಅವತ್ತು ಧ್ವನಿ ಹೇಗಿತ್ತು?”

“ಗಂಟಲು ಕಟ್ಟಿತ್ತು. ನೆಗಡಿ ಇರ್ಬೇಕು, ಸಂಜೆ ಹೋದಾಗ ಕೇಳೋಣ ಅಂದ್ಕೊಂಡೆ.” ಅವಳು ಮಡಿಸಿದ ಟವಲನ್ನೇ ಮತ್ತೆ ಬಿಚ್ಚಿದಳು. “ಸಂಜೆ ಎಲ್ಲರೂ ಆಸ್ಪತ್ರೇಲಿದ್ವಿ.”

ಹೊರಗೆ ಮೋಡ ಕವಿಯಿತು. ಗವಾಕ್ಷಿಯಿಂದ ಬರುತ್ತಿದ್ದ ಬೆಳಕು ನೆಲದಿಂದ ಎದ್ದು ಹೋದಂತೆ ಕೋಣೆ ಮಬ್ಬಾಯಿತು.

“ಲೈಟ್ ಹಾಕ್ಲಾ ಸಾರ್?” ಎಂದು ಅವಳು ಸ್ವಿಚ್ ಒತ್ತಿದಳು.

ನಿಧಾನಪ್ಪನವರು ಬಲ್ಬನ್ನೇ ನೋಡುತ್ತ ಕುಳಿತರು. ಎಷ್ಟು ಹೊತ್ತೆಂದರೆ, ಅದಕ್ಕೇನಾದರೂ ಆಗಿದೆಯೇನೋ ಎಂದು ಅವಳೂ ತಲೆ ಎತ್ತಿ ನೋಡಿದಳು.

“ಏನಂದೆ ಈಗ?”

“ಲೈಟ್ ಹಾಕ್ಲಾ ಅಂದೆ ಸಾರ್.”

ಅವರು ಎದ್ದು, ನಡೆದು ಹೋಗಿ, ಕೋಣೆಯ ಬಾಗಿಲು ಮುಚ್ಚಿದರು.

“ನಾನೀಗ ಏನ್ಮಾಡ್ದೆ?”

“ಬಾಗಿಲು...” ಅವಳ ಬಾಯಿ ಅಲ್ಲೇ ನಿಂತಿತು. “ಬಾಗಿಲು ಹಾಕಿದ್ರಿ.”

“ನೀನು ಹಾಕಿದ್ದು ಶುರುವಾಯ್ತು. ನಾನು ಹಾಕಿದ್ದು ಮುಚ್ಕೊಂಡಿತು. ಮಾತು ಮಾತ್ರ ಒಂದೇ. ಗೇಟು ಬಿಟ್ರೆ ಪಂಪ್‌ಮನೇಲಿ ಇನ್ನೇನಿದೆ ಹಾಕೋಕೆ?”

“ಮೋಟರ್ ಇದೆ ಸಾರ್. ಸುರಂಗ ಕಟ್ಕೊಂಡ್ರೆ ಹೊಲಸು ಎತ್ತಿ ಹೊಳೆಗೆ ಬಿಡೋಕೆ ಅಂತ ಇಟ್ಟಿರೋದು.”

“ಮೋಟರನ್ನೂ ಹಾಕ್ತಾರೆ.”

ಟವಲಕ್ಕ ಕಟ್ಟೆಯನ್ನು ಹಿಡಿದುಕೊಂಡಳು. ಅಪ್ಪ ಮೋಟರು ಹಾಕಿ, ಹಾಕಿದೀನಿ ಎಂದಿರಬೇಕು. ಎಚ್ಚರಿಕೆ ಕೊಟ್ಟೆ ಎಂದುಕೊಂಡಿರಬೇಕು. ಅವಳು ಗೇಟು ಎಂದುಕೊಂಡಳು. ಗಂಡನಿಗೆ ಅದನ್ನೇ ಹೇಳಿದಳು. ಹಾಗಾದರೆ ಗಂಡನ ತಪ್ಪಿಲ್ಲ. ಅಪ್ಪನದೂ ಇಲ್ಲ. ಆ ಮಗು ಸತ್ತದ್ದು ಎಲ್ಲರೂ ದಿನಾ ಆಡುವ ಒಂದು ಮಾತಿನಿಂದ.

ಹಾಗೆಂದುಕೊಂಡು ಅವಳಿಗೆ ಉಸಿರು ಬಂತು. ಉಸಿರು ಬಂದದ್ದಕ್ಕೆ ನಾಚಿಕೆಯೂ ಆಯಿತು.

“ಪಂಪ್‌ಮನೆಗೆ ಹೋಗೋಣ. ನಿನ್ನ ಗಂಡನ್ನೂ ಕರಿ,” ಎಂದರು ನಿಧಾನಪ್ಪನವರು. ನೀಲಿ ಟವಲನ್ನು ಅವರು ವಾಪಸ್ ಇಡಲಿಲ್ಲ. ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಮಡಿಕೆ ಸೊಟ್ಟಗಿತ್ತು.

*

ಹೊಳೆದಂಡೆಯ ದಾರಿಯುದ್ದಕ್ಕೂ ಹಳೆಯ ಸುರಂಗ ಕಾಲ ಕೆಳಗೇ ಹೋಗುತ್ತದೆ. ಮೇಲೆ ಸಾಲು ಚೇಂಬರ್ ಮುಚ್ಚಳಗಳು. ಒಂದೆರಡು ಕಡೆ ನೆಲವೇ ಕುಸಿದು, ಮುಚ್ಚಳದ ಬದಲು ಕೊಂಬೆ ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದರು. ಆ ಬಟ್ಟೆಯೂ ಬಿಸಿಲಿಗೆ ಬೆಳ್ಳಗಾಗಿತ್ತು.

ಮೀನಣ್ಣ ಜೀಪಿನ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಅಗಲ ಹೆಗಲಿನ ಮನುಷ್ಯ. ಒಂದು ವಾರದಿಂದ ನೀರು ಮುಟ್ಟದೆ ಅವನ ಚರ್ಮ ಬೂದಿ ಬಳಿದಂತಾಗಿತ್ತು. ಹೆಂಡತಿ ಮೆಲ್ಲಗೆ ಕಿವಿಯ ಹತ್ತಿರ ಹೇಳಿದಳು.

“ಇನ್ಸ್‌ಪೆಕ್ಟರಿಗೆ ಗೊತ್ತಾಯ್ತು. ನಿಮ್ಮ ತಪ್ಪಲ್ಲ ಅಂತ. ಅಪ್ಪ ಹಾಕಿದೀನಿ ಅಂದಿದ್ದು ಮೋಟರಂತೆ.”

ಅವನು ಅವಳ ಮುಖ ನೋಡಿದ. ಸಂತೋಷಪಡಲಿಲ್ಲ. “ಹೌದಾ,” ಎಂದು ಹೇಳಿ ಮತ್ತೆ ತಲೆ ತಗ್ಗಿಸಿದ.

ಪಂಪ್‌ಮನೆಯ ಬಾಗಿಲಲ್ಲಿ ಎಂಜಿನಿಯರ್ ಸಾಹೇಬರು ಕರವಸ್ತ್ರ ಮೂಗಿಗೆ ಹಿಡಿದು ಕಾಯುತ್ತಿದ್ದರು. ಒಳಚರಂಡಿಯೆಲ್ಲ ಅವರ ಸುಪರ್ದಿನಲ್ಲಿ. ವಯಸ್ಸು ಚಿಕ್ಕದು, ಮಾತು ಮೃದು. ಅವರ ಹಿಂದೆ ಟವಲಕ್ಕನ ಅಪ್ಪ. ಸಣಕಲು ಮೈ, ಖಾಕಿ ಅಂಗಿ. ಊರಿಗೆಲ್ಲ ಪಂಪಜ್ಜ.

“ಬನ್ನಿ ಅಳಿಯಂದ್ರೇ,” ಎಂದ ಪಂಪಜ್ಜ. ಮಗಳ ಕಡೆ ನೋಡಲಿಲ್ಲ.

ಒಳಗೆ ನೆಲದ ಕಬ್ಬಿಣದ ಜಾಲರಿಯ ಕೆಳಗೆ ಕಪ್ಪು ನೀರು ಸುತ್ತುತ್ತಿತ್ತು. ಎಲ್ಲರೂ ಉಸಿರು ಬಿಗಿ ಹಿಡಿದರು. ನಿಧಾನಪ್ಪನವರು ಮಾತ್ರ ತೋಟಕ್ಕೆ ಬಂದವರ ಹಾಗೆ ಎದೆ ತುಂಬ ಉಸಿರೆಳೆದರು.

“ಚಿಕ್ಕಂದಿನಲ್ಲಿ ಜ್ವರ ಬಂದು ನನ್ನ ಮೂಗು ಹೋಯ್ತು,” ಎಂದರು. “ನನ್ನ ಹೆಂಡತಿ ಇದನ್ನ ದೇವರು ಕೊಟ್ಟ ವರ ಅಂತಾಳೆ, ಅವಳ ಅಡುಗೆ ಸೀದ್ರೂ ನಡೆಯುತ್ತೆ. ಆದ್ರೆ ಇಂಥ ಕೇಸಲ್ಲಿ ಕಷ್ಟ. ಒಬ್ಬೊಬ್ಬರೇ ಹೇಳಿ. ಏನು ವಾಸನೆ ಇಲ್ಲಿ?”

“ಚರಂಡಿ ವಾಸನೆ, ಇನ್ನೇನು ಸಾರ್,” ಎಂದರು ಎಂಜಿನಿಯರು.

“ಚರಂಡಿ,” ಎಂದ ಮೀನಣ್ಣ.

“ನಂಗೆ ಗೊತ್ತಾಗಲ್ಲ ಸಾರ್,” ಎಂದ ಪಂಪಜ್ಜ. “ಇದರಲ್ಲೇ ಹುಟ್ಟಿದ ಹುಳ ನಾನು.”

ಟವಲಕ್ಕ ಇನ್ನೊಮ್ಮೆ ಮೂಸಿದಳು. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟರೆ ಗಂಡ ಬೇಗ ಮನೆಗೆ ಬರುತ್ತಾನೆ ಎಂಬ ಆಸೆ ಅವಳಿಗೆ.

“ಚರಂಡಿ ಸಾರ್. ಆಮೇಲೆ, ಆ ಮೂಲೆ ಕಡೆಯಿಂದ ಇನ್ನೊಂದಿದೆ. ಆಸ್ಪತ್ರೇಲಿ ನೆಲ ಒರೆಸಿರ್ತಾರಲ್ಲ, ಆ ಥರ.”

ಮೀನಣ್ಣನ ತಲೆ ಥಟ್ಟನೆ ಅವಳ ಕಡೆ ತಿರುಗಿತು. ಮೂಲೆಯಲ್ಲಿ ಖಾಲಿ ಗೋಣಿಚೀಲಗಳ ಒಂದು ರಾಶಿ ಬಿಟ್ಟರೆ ಏನೂ ಇರಲಿಲ್ಲ. ನಿಧಾನಪ್ಪನವರು ಆ ಕಡೆ ನೋಡಿದರು, ಹೋಗಲಿಲ್ಲ.

“ಯಜಮಾನ್ರೇ,” ಎಂದರು ಪಂಪಜ್ಜನಿಗೆ. “ಆ ಬೆಳಿಗ್ಗೆ ಫೋನಲ್ಲಿ ಬಂದ ಮಾತು ‘ಹಾಕಿದೀನಿ’. ಗೇಟು ಅಂತ ಇವರು ತಿಳ್ಕೊಂಡ್ರು. ಅದು ಮೋಟರ್ ಇರಬಹುದಾ?”

ಪಂಪಜ್ಜ ಬಾಯಿ ತೆರೆಯುವ ಮೊದಲೇ ಎಂಜಿನಿಯರು ಕರವಸ್ತ್ರ ಇಳಿಸಿದರು.

“ಅದೇ ಆಗಿರೋದು ಸಾರ್. ಇವನು ಮೋಟರ್ ಹಾಕಿದಾನೆ, ಪೂರ್ತಿ ಹೇಳಿಲ್ಲ. ವಯಸ್ಸಾಯ್ತಲ್ಲ. ನೋಡಿ, ಒಂದು ಮಾತಿನಿಂದ ಎಂಥ ಅನಾಹುತ. ಪಾಪ, ಯಾರನ್ನ ಅಂತ ದೂರೋದು.”

ಪಂಪಜ್ಜ ಸಾಹೇಬರ ಮುಖ ನೋಡಿದ. ಆಮೇಲೆ ಅಳಿಯನ ಮುಖ ನೋಡಿದ.

“ಹೌದು ಸಾರ್,” ಎಂದ. “ಮೋಟರು.”

ಟವಲಕ್ಕ ಸೆರಗಿನ ತುದಿಯನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು. ಮುಗಿಯಿತು ಎಂದುಕೊಂಡಳು.

“ಒಳ್ಳೇದಾಯ್ತು,” ಎಂದರು ನಿಧಾನಪ್ಪನವರು. “ಮೋಟರ್ ತೋರ್ಸಿ.”

ಮೋಟರು ಗೋಡೆಯ ಪಕ್ಕ ಸಿಮೆಂಟು ಪೀಠದ ಮೇಲಿತ್ತು. ಅದರ ಚಕ್ರದಿಂದ ಗೋಡೆಯವರೆಗೆ ಜೇಡರಬಲೆ. ತೆಳ್ಳನೆಯದಲ್ಲ, ಧೂಳು ಹಿಡಿದು ಚಿಂದಿಬಟ್ಟೆಯ ಹಾಗೆ ಜೋಲುತ್ತಿತ್ತು. ಬಲೆಯಲ್ಲಿ ಒಣಗಿದ ಪತಂಗಗಳು.

ನಿಧಾನಪ್ಪನವರು ಬಗ್ಗಿ, ಜೇಡನ ಹತ್ತಿರವೇ ಮಾತಾಡುವವರ ಹಾಗೆ ಹೇಳಿದರು. “ಹೋದ ವಾರ ತಿರುಗಿದ ಚಕ್ರದ ಮೇಲೆ ಇಷ್ಟು ದೊಡ್ಡ ಸಂಸಾರ ಹೂಡಿದೀಯಲ್ಲ, ಮಾರಾಯ.”

“ಸುಟ್ಟು ಹೋಗಿದೆ ಸಾರ್,” ಎಂದ ಪಂಪಜ್ಜ ನೆಲ ನೋಡುತ್ತ. “ತುಂಬ ದಿನ ಆಯ್ತು.”

“ಸರಿ. ಹಾಗಾದ್ರೆ ಗೇಟು. ತೆಗೀರಿ, ನೋಡೋಣ.”

ಗೇಟಿನ ಚಕ್ರ ಕೋಣೆಯ ನಡುವೆ ಕಂಬದ ಮೇಲಿತ್ತು, ಬಸ್ಸಿನ ಸ್ಟೇರಿಂಗಿನಷ್ಟು ದೊಡ್ಡದು. ಪಂಪಜ್ಜ ಕಾಲು ಅಗಲಿಸಿ ನಿಂತು, ಎರಡೂ ಕೈಯಲ್ಲಿ ಹಿಡಿದು, ಹಲ್ಲು ಕಚ್ಚಿ ತಿರುಗಿಸಿದ. ಟವಲಕ್ಕ ಚಿಕ್ಕವಳಿದ್ದಾಗ ಅಪ್ಪನಿಗೆ ಊಟ ತಂದು, ಅವನು ಹೀಗೆ ಚಕ್ರ ತಿರುಗಿಸುವುದನ್ನು ನೋಡುತ್ತ ಕೂರುತ್ತಿದ್ದಳು. ಆಗ ಅವನ ಕತ್ತಿನ ನರ ಉಬ್ಬುತ್ತಿತ್ತು. ಕಬ್ಬಿಣ ಕಿರುಗುಟ್ಟುತ್ತಿತ್ತು.

ಈಗ ನರ ಉಬ್ಬಿರಲಿಲ್ಲ. ಕಿರುಗುಟ್ಟುವುದೂ ಕೇಳಲಿಲ್ಲ.

“ಬಿಡಿ ಯಜಮಾನ್ರೇ,” ಎಂದರು ನಿಧಾನಪ್ಪನವರು. ಅವರು ಕಿರುಬೆರಳಿನಿಂದ ಚಕ್ರವನ್ನು ತಳ್ಳಿದರು. ಚಕ್ರ ಗಿರಗಿರನೆ ತಿರುಗಿತು. ತಿರುಗುತ್ತಲೇ ಇತ್ತು. ಮಕ್ಕಳ ಗಿರಗಟ್ಲೆಯ ಹಾಗೆ.

“ಕೆಳಗೆ ಗೇಟೇ ಇಲ್ಲ,” ಎಂದರು.

ಪಂಪಜ್ಜ ಜಾಲರಿಯ ಮೇಲೆ ಕುಕ್ಕರಗಾಲಲ್ಲಿ ಕುಳಿತುಬಿಟ್ಟ.

“ತುಕ್ಕು ತಿಂದು ಬಿತ್ತು ಸಾರ್. ಬೇಸಿಗೆ ಶುರುವಾಗೋಕೆ ಮುಂಚೆ. ಒಂದಿನ ತಿರುಗಿಸಿದ್ರೆ ಹೀಗೇ, ಸಲೀಸಾಗಿ ತಿರುಗ್ತು. ಅವತ್ತೇ ಸಾಹೇಬ್ರಿಗೆ ಹೇಳ್ದೆ.”

“ಹೊಸ ಗೇಟಿಗೆ ನಾವು ಕೇಳಿದೀವಿ ಸಾರ್,” ಎಂದರು ಎಂಜಿನಿಯರು. ಮೃದು ಮಾತು ಇನ್ನೂ ಮೃದುವಾಗಿತ್ತು. “ಇದು ನನ್ನ ಮುತ್ತಜ್ಜನ ಕಾಲದ ಚರಂಡಿ. ಒಂದು ಕಡೆ ಮುಟ್ಟಿದ್ರೆ ಹತ್ತು ಕಡೆ ಉದುರುತ್ತೆ. ಬರೋವರೆಗೂ ಏನೋ ಒಂದು ವ್ಯವಸ್ಥೆ.”

“ಈಜುಕಟ್ಟೆ ಮುಚ್ಚೋದು ಒಂದು ವ್ಯವಸ್ಥೆ.”

“ಬೇಸಿಗೇಲಿ ಕಟ್ಟೆ ಮುಚ್ಚಿದ್ರೆ ಜನ ಸುಮ್ನೆ ಇರ್ತಾರಾ ಸಾರ್? ನನ್ನ ಮೇಲಿನೋರು ಸುಮ್ನೆ ಇರ್ತಾರಾ?”

ಬೇಸಿಗೆಯಿಡೀ, ಎಂದು ಟವಲಕ್ಕ ಎಣಿಸಿಕೊಂಡಳು. ಮಳೆ ಇರಲಿ ಬಿಡಲಿ, ಕಂಡಿ ಹಗಲೂ ರಾತ್ರಿ ತೆರೆದೇ ಇತ್ತು. ಹೊಟ್ಟೆ ನೋವು ಅಕ್ಕಾ ಎಂದು ಬಂದ ಮಕ್ಕಳಿಗೆ ಅವಳು ಏನೆನ್ನುತ್ತಿದ್ದಳು? ಐಸ್‌ಕ್ರೀಮ್ ಜಾಸ್ತಿ ತಿಂದಿದೀಯ, ಹೋಗಿ ಮಲ್ಕೋ. ಬೆನ್ನು ಒರೆಸಿ ಕಳಿಸುತ್ತಿದ್ದಳು. ಮೇಷ್ಟ್ರ ಮಗಳಿಗೂ ಒರೆಸಿದ್ದಳು. ಆ ಹುಡುಗಿಗೆ ಕಚಗುಳಿ ಜಾಸ್ತಿ, ಟವಲು ಮುಟ್ಟಿಸಿದರೆ ನಗುತ್ತಿತ್ತು.

ನಿಧಾನಪ್ಪನವರು ಅವಸರಪಡಲಿಲ್ಲ. ಚಕ್ರ ತಾನಾಗಿ ನಿಲ್ಲುವವರೆಗೆ ಕಾದರು.

“ಗೇಟಿಲ್ಲ. ಮೋಟರಿಲ್ಲ. ಹಾಗಾದ್ರೆ ದಿನಾ ಬೆಳಿಗ್ಗೆ ಏನು ಹಾಕಿ, ಹಾಕಿದೀನಿ ಅಂತಿದ್ರಿ ಯಜಮಾನ್ರೇ?”

ಅವರು ಕಂಕುಳಿನಿಂದ ನೀಲಿ ಟವಲು ತೆಗೆದು ಪಂಪಜ್ಜನ ಎದೆಯ ಮೇಲೆ ಹರವಿದರು. ಖಾಕಿ ಅಂಗಿಯ ಮುಂಭಾಗವೆಲ್ಲ ಅಂಥವೇ ಬಿಳಿಚಿದ ಮಚ್ಚೆಗಳು. ಟವಲಿನ ಬಿಳುಪು ಎಲ್ಲಿ ಮುಗಿದು ಅಂಗಿಯ ಬಿಳುಪು ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟವಿತ್ತು.

“ನೀವೂ ಅದೇ ಸೋಪಾ?”

“ಪೌಡರು,” ಎಂದ ಪಂಪಜ್ಜ. “ಬ್ಲೀಚಿಂಗ್ ಪೌಡರು. ಕಂಡಿಯಿಂದ ಬರೋ ನೀರಿಗೆ ಚೀಲಗಟ್ಟಲೆ ಸುರಿಯೋದು. ವಾಸನೆ ಸತ್ತುಹೋಗುತ್ತೆ. ನೀರೂ ತಿಳಿಯಾಗುತ್ತೆ. ಸುರಿದಾದ್ಮೇಲೆ ಫೋನು.”

“ಹಾಕಿದೀನಿ ಅಂತ.”

“ಹಾಕಿದೀನಿ ಅಂತ.”

ಎಂಜಿನಿಯರು ಏನೋ ಹೇಳಲು ಹೋದರು. ನಿಧಾನಪ್ಪನವರು ಅವರ ಕಡೆ ನೋಡದೆ ಕೈ ಎತ್ತಿದರು. ಅವರು ಮೀನಣ್ಣನ ಮುಂದೆ ಬಂದು ನಿಂತಿದ್ದರು.

“ನೀನಪ್ಪ? ನಿನ್ನ ಕಿವಿಗೆ ಅದು ಏನಾಗಿತ್ತು?”

“ಗೇಟು ಅಂತಾನೇ ಸಾರ್,” ಎಂದಳು ಟವಲಕ್ಕ. “ನಾವಿಬ್ರೂ ಹಾಗೇ...”

“ನಿನ್ನ ಕೇಳಲಿಲ್ಲಮ್ಮ. ಟವಲಿನ ಬಣ್ಣ ಹೋಗಿದ್ದು ಸೋಪಿಂದ ಅಂದಿದ್ದು ಇವನು.”

ಮೀನಣ್ಣ ಜಾಲರಿಯ ಕಡೆ ಕಣ್ಣು ಇಳಿಸಿದ. ಅವನಿಗೆ ಸುಳ್ಳು ಬರುವುದಿಲ್ಲ ಎಂದು ಟವಲಕ್ಕ ನಂಬಿದ್ದಳು. ಮದುವೆಯಾದಾಗಿನಿಂದ ಎಲ್ಲರಿಗೂ ಹಾಗೇ ಹೇಳಿಕೊಂಡು ಬಂದಿದ್ದಳು.

“ಪೌಡರ್ ಅಂತ,” ಎಂದ.

ಜಾಲರಿಯ ಕೆಳಗೆ ನೀರು ಗೊಳಗೊಳ ಎಂದಿತು.

“ಬೇಸಿಗೇಲೇ ಗೊತ್ತಿತ್ತು ಸಾರ್. ಮಾವ ಹೇಳಿದ್ರು. ಕಟ್ಟೆ ಮುಚ್ಚಿದ್ರೆ ನಿನಗೆ ಬೇರೆಲ್ಲಿ ಕೆಲಸ ಸಿಗುತ್ತೆ ಅಂತ ಸಾಹೇಬ್ರು ಕೇಳಿದ್ರು. ನಂಗೆ ಈಜೋದು ಬಿಟ್ರೆ ಏನೂ ಬರಲ್ಲ. ಕುಡಿಯೋ ನೀರಿಗೂ ಪೌಡರ್ ಹಾಕ್ತಾರೆ, ಏನೂ ಆಗಲ್ಲ ಅಂದ್ರು. ಆಗ್ಲೂ ಇಲ್ಲ, ಅಲ್ಲಿವರೆಗೂ.”

“ನೀವು ನಂಗೆ ಸೋಪು ಅಂದ್ರಿ,” ಎಂದಳು ಟವಲಕ್ಕ.

ಅವಳಿಗೆ ಅಳು ಬರಲಿಲ್ಲ. ಕೈಗಳು ಮಾತ್ರ ಮಡಿಸಲು ಏನಾದರೂ ಹುಡುಕುತ್ತಿದ್ದವು.

“ಬೇಸಿಗೆಯಿಡೀ ಕೆಲಸ ಮಾಡಿದ ಪೌಡರ್ ಆ ಒಂದು ದಿನ ಯಾಕೆ ಮಾಡ್ಲಿಲ್ಲ?” ಎಂದರು ನಿಧಾನಪ್ಪನವರು. “ಹಿಂದಿನ ರಾತ್ರಿ ಮಳೆ ಬಂತು, ಹೊಲಸು ಜಾಸ್ತಿ ಬಂತು. ಅಷ್ಟೇನಾ?”

“ಅಷ್ಟೇ ಅಲ್ಲ.” ಪಂಪಜ್ಜ ಮೂಲೆಯ ಚೀಲಗಳ ಕಡೆ ಕೈ ತೋರಿಸಿದ. “ಅವತ್ತು ಪೌಡರೇ ಇರ್ಲಿಲ್ಲ ಸಾರ್. ಹಿಂದಿನ ದಿನಾನೇ ಮುಗಿದಿತ್ತು. ಚೀಲ ಕೊಡವಿದ್ರೂ ಒಂದು ಹಿಡಿ ಬರ್ಲಿಲ್ಲ.”

ಮೀನಣ್ಣ ಒಂದು ಹೆಜ್ಜೆ ಮುಂದೆ ಬಂದ. ಇಷ್ಟು ಹೊತ್ತು ತಗ್ಗಿದ್ದ ತಲೆ ಈಗ ಎತ್ತಿತ್ತು.

“ಏನಂದ್ರಿ ಮಾವ?”

“ಕೂತ್ಕೊಳ್ಳಪ್ಪ,” ಎಂದ ಪಂಪಜ್ಜ.

“ಖಾಲಿ ಚೀಲ ಮುಂದಿಟ್ಕೊಂಡು ಹಾಕಿದೀನಿ ಅಂದ್ರಾ? ಮಳೆ ಬಂದ ಮಾರನೇ ದಿನ? ನಾನು ನಿಮ್ಮ ಮಾತಿನ ಮೇಲೆ ಬಾವುಟ ಏರಿಸ್ದೆ. ಆ ಮಗೂನ ಕೈ ಹಿಡಿದು ಮೆಟ್ಟಿಲು ಇಳಿಸಿದವನು ನಾನು. ಜನ ನನ್ನನ್ನ ಕೊಲೆಗಾರ ಅಂತಿದಾರೆ, ಮಾವನ ಹೆಸರು ಎತ್ತಬಾರ್ದು ಅಂತ ವಾರದಿಂದ ನಾಲಿಗೆ ಕಚ್ಕೊಂಡು ಕೂತಿದೀನಿ.”

“ರೀ,” ಎಂದಳು ಟವಲಕ್ಕ. “ಅಪ್ಪನ ಮೇಲೆ ಕೂಗ್ಬೇಡಿ.”

“ಕೂಗ್ಲಿ ಬಿಡು,” ಎಂದ ಪಂಪಜ್ಜ. ಅವನು ಜಾಲರಿ ಹಿಡಿದು ಮೆಲ್ಲಗೆ ಎದ್ದ. ಕಣ್ಣು ಒಣಗಿತ್ತು. “ಗೇಟು ಮುರಿದಿದ್ದು ಊರಿಗೆ ಹೇಳದೆ ಮುಚ್ಚಿಟ್ಟೆ. ಮಾಡಿದ ಪಾಪ, ಇಲ್ಲ ಅನ್ನಲ್ಲ. ಮೋಟರ್ ಅಂತ ಈಗ ಸುಳ್ಳು ಹೇಳ್ದೆ, ಅಳಿಯ ಉಳ್ಕೋತಾನೆ ಅಂತ. ಅದೂ ಹೌದು. ಆದ್ರೆ ಒಂದು ಮಾಡಿಲ್ಲ. ಅವತ್ತು ನಾನು ಫೋನ್ ಮಾಡಿಲ್ಲ.”

ನಿಧಾನಪ್ಪನವರ ಮುಖದಲ್ಲಿ ಮೊದಲ ಸಲ ಏನೋ ಚುರುಕಾಗಿ ಅಲುಗಿತು.

“ಇನ್ನೊಂದ್ಸಲ ಹೇಳಿ.”

“ಪೌಡರ್ ಕೇಳೋಕೆ ಊರಾಚೆ ಗೋಡೌನಿಗೆ ಹೋಗಿದ್ದೆ ಸಾರ್, ಬೆಳಕು ಹರಿಯೋಕೆ ಮುಂಚೆ. ಅವರು ಬಾಗಿಲು ತೆಗೆಯೋವರೆಗೂ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದೆ. ಫೋನ್ ಹೋಗದಿದ್ರೆ ಅಳಿಯ ಬಾವುಟ ಏರಿಸಲ್ಲ, ಕಟ್ಟೆ ತೆಗೆಯಲ್ಲ. ಆ ಧೈರ್ಯದ ಮೇಲೇ ಕೂತಿದ್ದೆ. ವಾಪಸ್ ಬರೋ ಹೊತ್ತಿಗೆ ಮಕ್ಕಳು ನೀರಿಗಿಳಿದು ಎದ್ದಾಗಿತ್ತು. ಅಳಿಯ ಆತುರಕ್ಕೆ ಬಿದ್ದು ತಾನೇ ಏರಿಸಿದಾನೆ ಅಂತ ನಾನೂ ಬಾಯಿ ಮುಚ್ಕೊಂಡೆ.”

“ಇಲ್ಲಿ ಯಾರಿದ್ರು?”

“ಯಾರೂ ಇಲ್ಲ. ಬೀಗ ಜಡಿದು ಹೋಗಿದ್ದೆ.”

“ಇನ್ನೊಂದು ಕೀ?”

ಪಂಪಜ್ಜನ ಕಣ್ಣು ಎಂಜಿನಿಯರರ ಸೊಂಟದ ಕೀಗೊಂಚಲಿನ ಮೇಲೆ ಹೋಗಿ ನಿಂತಿತು.

“ಕೀ ನನ್ನ ಹತ್ರ ಇದೆ, ಇಲ್ಲ ಅನ್ನಲ್ಲ,” ಎಂದರು ಎಂಜಿನಿಯರು. ಕರವಸ್ತ್ರವನ್ನು ನಾಜೂಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. “ಆದ್ರೆ ನಾನು ಆ ದಿನ ಈ ಊರಲ್ಲೇ ಇರ್ಲಿಲ್ಲ, ಬೇಕಾದ್ರೆ ವಿಚಾರಿಸಿ. ಸಾರ್, ನಾನು ಒಂದೇ ಕೇಳ್ತೀನಿ. ಫೋನ್ ಬಂತು ಅಂತ ಹೇಳ್ತಿರೋದು ಯಾರು? ಇವನು ಮಾಡಿಲ್ಲ ಅಂತಾನೆ. ಅವನು ಎತ್ತಿಲ್ಲ. ಎತ್ತಿದ್ದು ಒಬ್ಬಳೇ, ಕೇಳಿಸ್ಕೊಂಡಿದ್ದು ಒಬ್ಬಳೇ.”

ಅವರು ಬೆರಳು ತೋರಿಸಲಿಲ್ಲ. ತೋರಿಸುವ ಅಗತ್ಯವಿರಲಿಲ್ಲ.

ಟವಲಕ್ಕ ಗಂಡನ ಕಡೆ ತಿರುಗಿದಳು. ಅವನು ಅವಳನ್ನೇ ನೋಡುತ್ತಿದ್ದ. ನೀರಿನಲ್ಲಿ ಏನೋ ತೇಲಿದ್ದನ್ನು ಕಂಡು, ಕಟ್ಟಿಗೆಯೋ ಮನುಷ್ಯನೋ ಎಂದು ಗುರುತಿಸಲು ಹೊರಟಾಗ ಅವನು ನೋಡುವ ರೀತಿ ಅದು.

“ನೀನೇ ಬಂದು ಹೇಳಿದ್ದು,” ಎಂದ. “ಅಪ್ಪ ಫೋನ್ ಮಾಡಿದ್ರು, ಹಾಕಿದಾರಂತೆ ಅಂತ. ನಾನು ಮೆಟ್ಟಿಲ ಹತ್ರ ಇದ್ದೆ. ಬೆಲ್ ಆಗಿದ್ದು ನಂಗೆ ಕೇಳಿಸ್ಲಿಲ್ಲ.”

“ಬೆಲ್ ಆಯ್ತು ರೀ. ಆಯ್ತು. ನೀವು ಬ್ರಷ್ ಉಜ್ತಾ ಇದ್ರಿ.”

“ಕೇಳಿಸ್ಲಿಲ್ಲ,” ಎಂದ ಅವನು ಮತ್ತೆ.

ಆ ಧ್ವನಿ ಅವಳ ಕಿವಿಯಲ್ಲಿ ಈಗಲೂ ಇತ್ತು. ಕಟ್ಟಿದ ಗಂಟಲು, ಬಾಯಿಗೆ ಬಟ್ಟೆ ಹಿಡಿದು ಆಡಿದ ಹಾಗೆ. ಒಂದೇ ಮಾತು. ಆಮೇಲೆ ಟಕ್. ಆ ಫೋನಿನಲ್ಲಿ ಅಪ್ಪನನ್ನು ಬಿಟ್ಟು ಇನ್ನೊಬ್ಬರು ಯಾವತ್ತೂ ಮಾತಾಡಿದ್ದಿಲ್ಲ. ಆದ್ದರಿಂದ ಯಾರು ಎಂದು ಅವಳು ಕೇಳಿರಲಿಲ್ಲ. ಅಪ್ಪನೇನಾ ಎಂದು ಯಾವ ಮಗಳು ಕೇಳುತ್ತಾಳೆ?

ಅಪ್ಪ ಹೌದೆಂದರೆ ಸಂಜೆಯೊಳಗೆ ಅಪ್ಪ ಜೈಲಿಗೆ ಹೋಗುತ್ತಾನೆ. ಅಲ್ಲವೆಂದರೆ, ಬರದ ಫೋನನ್ನು ಬಂತೆಂದು ಹೇಳಿ ಮಕ್ಕಳನ್ನು ಆ ನೀರಿಗೆ ಇಳಿಸಿದವಳು ಅವಳು. ಗಂಡನ ಕಣ್ಣಲ್ಲಿ ಆಗಲೇ ಅದು ತೀರ್ಮಾನವಾಗುತ್ತಿತ್ತು.

ನಿಧಾನಪ್ಪನವರು ಗೋಡೆಗೆ ಒರಗಿ ನಿಂತಿದ್ದರು. ಅವರು ನೋಡುತ್ತಿದ್ದದ್ದು ಅವಳನ್ನಲ್ಲ. ಉಳಿದ ಮೂವರನ್ನು, ಒಬ್ಬರಾದ ಮೇಲೆ ಒಬ್ಬರನ್ನು.

ಅವಳು ಅಪ್ಪನ ಹತ್ತಿರ ಹೋಗಿ, ಬಿಳಿಚಿದ ಖಾಕಿ ತೋಳನ್ನು ಹಿಡಿದುಕೊಂಡಳು.

“ಅಪ್ಪಾ, ನಾನು ಸುಳ್ಳು ಹೇಳ್ತಿಲ್ಲ.”

ಪಂಪಜ್ಜ ಮಗಳನ್ನು ನೋಡಿದ, ಅವಳ ಹೆಗಲಾಚೆ ಅಳಿಯನನ್ನು ನೋಡಿದ.

“ನೀನೇ ಮಾತಾಡಿದ್ದು ಅನ್ನಪ್ಪ,” ಎಂದಳು. “ಒಂದ್ಸಲ ಹೌದು ಅನ್ನು.”